ಮೌಲಾಸಾಬಣ್ಣನ ಕೊರಳಲ್ಲಿರುವ ನಿಮ್ಮ ಕ್ಯಾಮೆರಾ

ಶಿರಹಟ್ಟಿ
ಗಾಳಿಶಕೆ ಐವತ್ತೆಂಟು, ಉತ್ತರಿ ಮಳೆಯ ಮೂರನೆಯ ದಿನ
(ನಿಮ್ಮ ಎಣಿಕೆಯಲ್ಲಿ ಕ್ರಿಸ್ತಶಕ ೨೧೪೩)

ಈ ಕ್ಯಾಮೆರಾದ ಮೊದಲ ಒಡೆಯರಿಗೆ, ಬೀಜಭಂಡಾರದ ಇರಾವತಿ ಹೊಳಲಾಪುರ ಮಾಡುವ ಶರಣು.

ಹೆಸರು ತಿಳಿಯದ್ದರಿಂದ ನಿಮ್ಮನ್ನು ಹೀಗೆ ಕರೆಯುತ್ತಿದ್ದೇನೆ. ನಿಮ್ಮ ಕಾಲದ ಅಚ್ಚಿನ ಕನ್ನಡವನ್ನು ಈ ಕಾಗದಕ್ಕಾಗಿಯೇ ಕಲಿತೆ. ನಡುನಡುವೆ ನಮ್ಮ ಕಾಲದ ಮಾತು ನುಸುಳಿದರೆ ಮನ್ನಿಸಿ. ಇದು ಹಿನ್ನಡೆ ಅಂಚೆಯಲ್ಲಿ ನಿಮಗೆ ಮುಟ್ಟುತ್ತದೆ. ಹಿನ್ನಡೆ ಅಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲು. ಊರಿಗೆ ವರ್ಷಕ್ಕೆ ಒಂದೇ ಕಾಗದ ಕಳಿಸಲು ಅಪ್ಪಣೆ. ದೊಡ್ಡ ದೊಡ್ಡವರಿಗೆಲ್ಲ ಬರೆಯಬಹುದಿತ್ತು. ಆದರೆ ಈ ಸಲ ಊರವರು ಗರಡಿಮನೆಯಲ್ಲಿ ಸೇರಿ, ನಿಮಗೇ ಬರೆಯಬೇಕೆಂದು ಒಕ್ಕೊರಲಿನಿಂದ ಹೇಳಿದರು. ಯಾಕೆಂದು ಹೇಳುತ್ತೇನೆ.

ಊರ ಮೂಡಲಿಗೆ, ಕಪ್ಪತಗುಡ್ಡದ ಕಡೆ ಹೋಗುವ ದಾರಿಯಲ್ಲಿ ನಿಮ್ಮ ಕಾಲದ ಕಟ್ಟಡವೊಂದು ಕುಸಿದು ಬಿದ್ದಿತ್ತು. ಅದರ ಕಲ್ಲು ಎತ್ತುವಾಗ ನೆಲಮಾಳಿಗೆಯಲ್ಲಿ ಗಾಳಿಯಾಡದ ಉಕ್ಕಿನ ಪೆಟ್ಟಿಗೆ ಸಿಕ್ಕಿತು. ಕಂಡವನು ನೀರಿನ ಪಂಪು ರಿಪೇರಿ ಮಾಡುವ ಮೌಲಾಸಾಬ್ ನದಾಫ್. ನನ್ನ ನೆರೆಮನೆಯವನು, ನನಗೆ ಅಣ್ಣನಂಥವನು. ಒಳಗೆ ನಿಮ್ಮ ಕ್ಯಾಮೆರಾ, ಎರಡು ಲೆನ್ಸು, ನೀವು ತೆಗೆದ ಚಿತ್ರಗಳಿದ್ದ ಒಂದು ಕಾರ್ಡು, ಮೆತ್ತನೆಯ ಬಟ್ಟೆ. ಇದು ನಿಮ್ಮ ಕಾಲದಲ್ಲಿ ತೀರ ಅಗ್ಗದ್ದೂ ಅಲ್ಲ, ದೊರೆಗಳು ಕೊಳ್ಳುವಂಥದ್ದೂ ಅಲ್ಲ, ನಡುತರದ್ದು ಎಂದು ಆಮೇಲೆ ಓದಿ ತಿಳಿದೆವು. ನಮ್ಮ ಪಾಲಿಗೆ ಇಂಥದ್ದು ಜಗತ್ತಿನಲ್ಲಿ ಇದೊಂದೇ.

ಕೈಗೆತ್ತಿಕೊಂಡಾಗ ಮೊದಲು ತಿಳಿದದ್ದು ಅದರ ತೂಕ. ಹಿಡಿಕೆಯ ರಬ್ಬರು ಕರಗಿದ ಬೆಲ್ಲದಂತೆ ಬೆರಳಿಗೆ ಅಂಟುತ್ತಿತ್ತು. ದೊಡ್ಡ ಲೆನ್ಸಿನೊಳಗೆ ಬೂಷ್ಟು ಜೇಡರಬಲೆಯ ಹಾಗೆ ಹಬ್ಬಿತ್ತು. ಬ್ಯಾಟರಿ ಉಬ್ಬಿ ಸತ್ತಿತ್ತು. ಮೌಲಾಸಾಬಣ್ಣ ಒಂದು ಇಡೀ ಬೇಸಿಗೆ ಅದರ ಹಿಂದೆ ಬಿದ್ದ. ರಬ್ಬರನ್ನು ಕೆರೆದು ತೆಗೆದು ಕುರಿಯ ತೊಗಲು ಸುತ್ತಿದ, ತನ್ನದೇ ಬ್ಯಾಟರಿ ಕಟ್ಟಿದ. ಕಡೆಗೊಂದು ಬೆಳಿಗ್ಗೆ ಓಡೋಡುತ್ತ ನಮ್ಮ ಮನೆಗೆ ಬಂದು, ಕಾಳು ಹಸನು ಮಾಡುತ್ತಿದ್ದ ನನ್ನ ಕಿವಿಯ ಹತ್ತಿರ ಅದನ್ನು ಹಿಡಿದು ಗುಂಡಿ ಒತ್ತಿದ. ಖಟಕ್! ಒಳಗಿನ ಕನ್ನಡಿ ಎದ್ದು ಬಿದ್ದ ಸದ್ದು.

"ಕೇಳಿದೇನ ತಂಗಿ? ಜೀವ ಐತಿ ಇದಕ್ಕ!" ಎಂದ. ಅವನ ಕಣ್ಣಲ್ಲಿ ನೀರಿತ್ತು.

ಇಷ್ಟು ಸಂಭ್ರಮ ಯಾಕೆಂದು ನಿಮಗೆ ಅನಿಸಬಹುದು. ನಮ್ಮಲ್ಲಿ ಚಿತ್ರಗಳಿಗೆ ಬರವಿಲ್ಲ. ಪ್ರತಿಯೊಬ್ಬರ ಅಂಗೈಯಲ್ಲೂ ತೋರುಗಾಜು ಇರುತ್ತದೆ. ಅದು ಬೆಳಕನ್ನು ಹಿಡಿಯುವುದಿಲ್ಲ. ನಮ್ಮ ಮನಸ್ಸು ಏನು ನೋಡಬಯಸುತ್ತದೆಂದು ಊಹಿಸಿ ಚಿತ್ರ ಬರೆದು ಕೊಡುತ್ತದೆ. ಮದುವೆಗೆ ಬಾರದ ಸೋದರಮಾವ ಮದುವೆಯ ಚಿತ್ರದಲ್ಲಿ ಪೇಟ ಸುತ್ತಿಕೊಂಡು ನಗುತ್ತಾನೆ. ಉರಿಬಿಸಿಲಲ್ಲಿ ಹೊಲದಿಂದ ಬಂದವಳ ಮುಖ ಈಗಷ್ಟೇ ಮಿಂದವಳಂತೆ ಇರುತ್ತದೆ. ಒಂದೇ ಕೂಸನ್ನು ಅಮ್ಮನ ಗಾಜು ಅಮ್ಮನ ಹೋಲಿಕೆಯಲ್ಲಿ, ಅತ್ತೆಯ ಗಾಜು ಅತ್ತೆಯ ಹೋಲಿಕೆಯಲ್ಲಿ ತೋರಿಸುತ್ತದೆ. ಇದರಿಂದ ಮನೆಮನೆಗಳಲ್ಲಿ ಶಾಂತಿಯೇನೋ ಇದೆ. ಆದರೆ ಹೊಲದ ಬದುವಿನ ಜಗಳದಿಂದ ಹಿಡಿದು ಯಾವ ಪಂಚಾಯಿತಿಯಲ್ಲೂ ಚಿತ್ರವನ್ನು ಯಾರೂ ಸಾಕ್ಷಿಯೆಂದು ಒಪ್ಪುವುದಿಲ್ಲ.

ನಿಮ್ಮ ಕ್ಯಾಮೆರಾ ಹಾಗಲ್ಲ. ಒಂದು ಕಣ್ಣು ಮುಚ್ಚಿ ಸಣ್ಣ ಕಿಂಡಿಯಲ್ಲಿ ನೋಡಬೇಕು, ಉಸಿರು ಹಿಡಿಯಬೇಕು, ಗುಂಡಿಯನ್ನು ಅರ್ಧ ಒತ್ತಿ ಅದು ನೋಟ ಕೂಡಿಸಿಕೊಳ್ಳುವವರೆಗೆ ಕಾಯಬೇಕು. ಮಂದ ಬೆಳಕಿನಲ್ಲಿ ಅದು ಕಣ್ಣು ಮಂಜಾದ ಅಜ್ಜನಂತೆ ಹಿಂದೆ ಮುಂದೆ ತಡಕಾಡುತ್ತದೆ. ಮೊದಲು ತೆಗೆದದ್ದೆಲ್ಲ ಹಾಳಾಯಿತು. ನನ್ನ ಮೊದಲ ಚಿತ್ರದಲ್ಲಿ ಎಮ್ಮೆಯ ಹಿಂಭಾಗ ಮಾತ್ರ ಇತ್ತು, ಅದೂ ಮಸುಕು. ಆದರೂ ಊರೆಲ್ಲ ಅದನ್ನು ನೋಡಲು ಮುಗಿಬಿತ್ತು. ಯಾರೂ ಬಯಸದ ಚಿತ್ರ ಅದು! ಯಾರ ಮನಸ್ಸೂ ಅದನ್ನು ಬರೆದಿರಲಿಲ್ಲ. ಎಮ್ಮೆ ಇತ್ತು, ಬೆಳಕಿತ್ತು, ಅಷ್ಟೇ. ಆಕಾಶದ ಚಿತ್ರಗಳಲ್ಲೆಲ್ಲ ಒಂದೇ ಜಾಗದಲ್ಲಿ ಕರೀ ಚುಕ್ಕೆ ಬರುತ್ತಿತ್ತು. ಅದು ನಮ್ಮನ್ನೇ ಹಿಂಬಾಲಿಸುವ ಗಿಡುಗವೆಂದು ನಾವು ಬಹಳ ದಿನ ವಾದಿಸಿದೆವು. ಒಳಗೆ ಕೂತ ದೂಳೆಂದು ತಿಳಿದಾಗ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಇನ್ನು ಜೈತೂನಳ ವಿಷಯಕ್ಕೆ ಬರುತ್ತೇನೆ. ಆಕೆ ಮೌಲಾಸಾಬಣ್ಣನ ಒಬ್ಬಳೇ ಮಗಳು, ಕುಸ್ತಿ ಆಡುವವಳು. ಗಟ್ಟಿ ಮೈ, ಮಾತು ಕಡಿಮೆ. ಧಾರವಾಡದ ಹಿರೇಗರಡಿಗೆ ನಮ್ಮ ಸೀಮೆಯಿಂದ ವರ್ಷಕ್ಕೆ ಒಬ್ಬ ಹುಡುಗಿಯನ್ನು ಕರೆಯುತ್ತಾರೆ. ಅಲ್ಲಿ ಒಂದು ವರ್ಷ ಪಳಗಿದರೆ ದೇಶದ ಕಣದಲ್ಲಿ ನಿಲ್ಲಬಹುದು. ಆದರೆ ಹೋದ ವರ್ಷಕ್ಕೆ ಮೊದಲಿನ ಎರಡು ವರ್ಷ ಯಾರೂ ಹೋಗಿರಲಿಲ್ಲ. ಕಡೆಯ ಕುಸ್ತಿಯಲ್ಲಿ ಇಬ್ಬರೂ ಒಟ್ಟಿಗೆ ಬಿದ್ದರೆ, ಯಾರ ಬೆನ್ನು ಮೊದಲು ಮಣ್ಣಿಗೆ ತಾಗಿತೆಂದು ಜಗಳ. ನಮ್ಮೂರವರ ತೋರುಗಾಜುಗಳೆಲ್ಲ ನಮ್ಮ ಹುಡುಗಿ ಮೇಲಿದ್ದಂತೆ ತೋರಿಸಿದರೆ, ಎದುರೂರಿನವರ ಗಾಜುಗಳೆಲ್ಲ ಅವರ ಹುಡುಗಿಯನ್ನು ತೋರಿಸುತ್ತಿದ್ದವು. ತೀರ್ಪು ಹೇಳಲಾಗದೆ ಗರಡಿಯ ಗುರುಗಳಾದ ಉಸ್ತಾದರು ಕೈಚೆಲ್ಲುತ್ತಿದ್ದರು. ಆ ವರ್ಷದ ಕರೆ ಹಾಗೇ ಬಿದ್ದುಹೋಗುತ್ತಿತ್ತು.

ಹೋದ ವರ್ಷ ಜೈತೂನಳಿಗೆ ಎದುರಾಳಿಯಾಗಿ ಬಂದವಳು ಲಕ್ಷ್ಮೇಶ್ವರದ ಸಾವಂತ್ರಿ. ಎತ್ತರದ, ಚಿಗರೆಯಂಥ ಹುಡುಗಿ. ಮೌಲಾಸಾಬಣ್ಣ ಉದ್ದ ಲೆನ್ಸು ಹಾಕಿಕೊಂಡು ಕಣದ ಅಂಚಿನಲ್ಲಿ ಮಂಡಿಯೂರಿ ಕೂತ, ನಾನು ಪಕ್ಕದಲ್ಲಿ. ಹುಡುಗಿಯರು ಕೈ ಕೂಡಿಸಿದರು, ತಳ್ಳಾಡಿದರು, ಒಮ್ಮೆಲೇ ಸಾವಂತ್ರಿ ಕೆಳಗೆ ನುಗ್ಗಿ ಜೈತೂನಳ ಕಾಲು ಸೆಳೆದಳು. ಜೈತೂನ ಆಕೆಯ ಕೊರಳನ್ನು ಬಿಡಲಿಲ್ಲ. ಇಬ್ಬರೂ ಸುತ್ತಿಕೊಂಡು ದೊಪ್ಪೆಂದು ಬಿದ್ದರು, ಕೆಮ್ಮಣ್ಣು ಎದ್ದು ಮುಸುಕಿತು. ಅಷ್ಟರಲ್ಲಿ ಕ್ಯಾಮೆರಾ ಖಟಖಟಖಟಖಟ ಎಂದು ಒಂದೇ ಸಮ ಹೊಡೆದುಕೊಂಡು, ಉಸಿರು ಸಾಲದೆ ನಿಂತಿತು. ಒಂದೇ ಏಟಿಗೆ ಬಹಳ ತೆಗೆದರೆ ಅದು ಹೀಗೆ ನಿಲ್ಲುತ್ತದೆ; ನಿಮಗೂ ಗೊತ್ತಿರಬೇಕು.

"ಜೈತೂನ ಗೆದ್ಲು!" ಎಂದು ನಮ್ಮವರು. "ಹುಚ್ಚರೇನ? ಸಾವಂತ್ರಿ ಗೆದ್ದಾಳ!" ಎಂದು ಅವರು. ನೂರಾರು ತೋರುಗಾಜುಗಳು ಮೇಲೆದ್ದವು.

ಮೌಲಾಸಾಬಣ್ಣ ತಲೆಯ ಮೇಲೆ ಟವೆಲ್ಲು ಹೊದ್ದು, ಕ್ಯಾಮೆರಾದ ಬೆನ್ನಿನ ಸಣ್ಣ ಪರದೆಯನ್ನು ನೋಡತೊಡಗಿದ. ನಾನೂ ಟವೆಲ್ಲಿನೊಳಗೆ ತಲೆ ತೂರಿಸಿದೆ. ಒಂದೊಂದಾಗಿ ಚಿತ್ರ ಸರಿಸಿದ. ಒಂದರಲ್ಲಿ ಅವನ ಬೆರಳು ನಿಂತಿತು. ಜೈತೂನಳ ಎರಡೂ ಭುಜ ಮಣ್ಣಿಗೆ ಒತ್ತಿದ್ದವು. ಸಾವಂತ್ರಿಯ ಬೆನ್ನು ಇನ್ನೂ ಮೇಲಿತ್ತು. ಬೆನ್ನಿನ ಕೆಳಗೆ ಬಿಸಿಲಿನ ಗೆರೆ ಕಾಣುತ್ತಿತ್ತು.

"ಅಣ್ಣಾ, ಜೈತೂನ ಚಿತ್ ಆಗ್ಯಾಳ," ಎಂದೆ ಮೆಲ್ಲಗೆ.

"ಹೌದವ್ವಾ. ಆಗ್ಯಾಳ."

"ನಾವಿಬ್ಬರ ಹೊರತು ಯಾರೂ ನೋಡಿಲ್ಲ."

ಅವನು ಹಿಂದಿನ ಚಿತ್ರಕ್ಕೆ ಸರಿಸಿ, ಮತ್ತೆ ಅದೇ ಚಿತ್ರಕ್ಕೆ ಬಂದ. ಟವೆಲ್ಲಿನೊಳಗೆ ಅವನ ಉಸಿರು ಬಿಸಿಯಾಗಿತ್ತು. ಕಡೆಗೆ, "ಇದನ್ನ ಮುಚ್ಚಿಟ್ಟರ, ನನ್ನ ಕೈಯಾಗಿರೋದೂ ಒಂದು ತೋರುಗಾಜ ಆಕ್ಕೈತಿ ತಂಗಿ," ಎಂದವನೇ ಎದ್ದು, ಆ ಗದ್ದಲವನ್ನು ಸೀಳಿಕೊಂಡು ಉಸ್ತಾದ್ ದ್ಯಾಮಣ್ಣನವರ ಹತ್ತಿರ ನಡೆದ.

ಉಸ್ತಾದರು ಮೊದಲು ಅದನ್ನು ತಿರುಗಾಮುರುಗಾ ಹಿಡಿದು ಲೆನ್ಸಿನೊಳಗೆ ಇಣುಕಿದರು. ಪರದೆ ತೋರಿಸಿದ ಮೇಲೆ ಚಿತ್ರದಿಂದ ತಲೆಯೆತ್ತಿ ಅವನ ಮುಖ ನೋಡಿದರು. "ಮೌಲಾಸಾಬಾ, ಇದು ನಿನ್ನ ಮಗಳಲ್ಲೇನೋ?"

"ನನ್ನ ಮಗಳ ರೀ. ಚಿತ್ ಆಗ್ಯಾಳ ನೋಡ್ರಿ."

ಲಕ್ಷ್ಮೇಶ್ವರದವರು ಮೊದಲು ನಂಬಲಿಲ್ಲ. ತನ್ನ ಮಗಳು ಸೋತಳೆಂದು ತೋರಿಸುವ ಚಿತ್ರವನ್ನು ತಂದೆಯ ಕೈಯಲ್ಲಿ ಅವರು ಹುಟ್ಟಾ ನೋಡಿರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಬಗ್ಗಿ ನೋಡಿದರು, ಒಬ್ಬೊಬ್ಬರಾಗಿ ತೋರುಗಾಜನ್ನು ಕಿಸೆಗಿಟ್ಟರು. ಸಾವಂತ್ರಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕೂತಲ್ಲೇ ಅತ್ತಳು. ಆಕೆಗೂ ತಾನು ಗೆದ್ದದ್ದು ಖಾತ್ರಿ ಇರಲಿಲ್ಲವಂತೆ.

ಜೈತೂನ ಮೈಯ ಮಣ್ಣು ಒರೆಸಿಕೊಳ್ಳದೆಯೇ ಬಂದಳು. ಮೌಲಾಸಾಬಣ್ಣ ಮಗಳ ಮುಖ ನೋಡಲಾರದೆ ಕ್ಯಾಮೆರಾವನ್ನು ಆಕೆಯ ಕೈಗೆ ಕೊಟ್ಟ. ಆಕೆ ಆ ಚಿತ್ರವನ್ನು ದಿಟ್ಟಿಸಿದಳು. ಬೈದಾಳು ಎಂದು ನಾನು ಅಂದುಕೊಂಡೆ.

"ಅಪ್ಪಾ, ಇದರ ಹಿಂದಿಂದು ತೋರಸು," ಎಂದಳು. ತೋರಿಸಿದ. "ಅದರ ಹಿಂದಿಂದು." ತೋರಿಸಿದ. ಆಕೆಯ ಕಣ್ಣುಗಳು ಅಗಲವಾದವು. "ಇಲ್ಲಿ! ಇಲ್ಲಿ ನೋಡ್ರಿ ಉಸ್ತಾದ್ರ! ಆಕಿ ಬಗ್ಗೂದಕ್ಕಿಂತ ಮೊದಲ ನನ್ನ ಬಲಗಾಲ ಹಿಮ್ಮಡಿ ಎದ್ದೈತಿ. ಅದಕ್ಕ ಬಿದ್ದೀನಿ! ಅಯ್ಯೋ, ನಾ ಬೀಳೂದು ಹಿಂಗೇನ?"

ಸೋತ ಹುಡುಗಿ ನಗುತ್ತಿದ್ದಳು. ಆಕೆ ಏಳನೆಯ ವಯಸ್ಸಿನಿಂದ ಕುಸ್ತಿ ಆಡುತ್ತಿದ್ದವಳು. ತನ್ನ ತೋರುಗಾಜಿನಲ್ಲಿ ಆಕೆ ಒಮ್ಮೆಯೂ ಬಿದ್ದಿರಲಿಲ್ಲ. ತಾನು ಎಲ್ಲಿ ತಪ್ಪುತ್ತೇನೆಂದು ತೋರಿಸುವ ಒಂದು ಚಿತ್ರವೂ ಆಕೆಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ.

ಸಾವಂತ್ರಿ ಹಿರೇಗರಡಿಗೆ ಹೋದಳು. ಎರಡು ವರ್ಷಗಳ ಮೇಲೆ ನಮ್ಮ ಸೀಮೆಯಿಂದ ಒಬ್ಬಳು ಹೋದದ್ದಕ್ಕೆ ಎರಡೂ ಊರವರು ಕೂಡಿ ಆಕೆಯನ್ನು ಬೀಳ್ಕೊಟ್ಟರು. ಇಲ್ಲಿ ಜೈತೂನ ದಿನವೂ ಮುಂಜಾನೆ ಗರಡಿಗಿಳಿದಳು, ಅಪ್ಪ ಕ್ಯಾಮೆರಾ ಹಿಡಿದು ಕೂತ. ಪಟ್ಟು ಹಾಕುವುದು, ಬೀಳುವುದು, ಬಂದು ಪರದೆ ನೋಡುವುದು, ಮತ್ತೆ ಇಳಿಯುವುದು. ಉಳಿದ ಹುಡುಗಿಯರೂ ಸಾಲು ಹಚ್ಚಿದರು. "ನಾ ಬಿದ್ದದ್ದು ತಗದಿ ಏನ ಕಾಕಾ?" ಎಂದು ಕೇಳುವುದೇ ಅವರಿಗೆ ಸಡಗರವಾಯಿತು. ಕ್ಯಾಮೆರಾ ಬಿಸಿಯೇರಿದರೆ ಒದ್ದೆ ಬಟ್ಟೆ ಸುತ್ತಿ ನೇತುಹಾಕಿದ ಬುಟ್ಟಿಯಲ್ಲಿ ಇಟ್ಟು ಗಾಳಿ ಬೀಸುತ್ತಿದ್ದರು. ಮಣ್ಣು ಒಳಹೋಗದಂತೆ ಸಾವಂತ್ರಿಯ ತಾಯಿ ಲಕ್ಷ್ಮೇಶ್ವರದಿಂದ ಕಸೂತಿ ಹಾಕಿದ ಕವುದಿ ಚೀಲವೊಂದನ್ನು ಹೊಲಿದು ಕಳಿಸಿದಳು.

ಈ ವರ್ಷ, ಮೊನ್ನೆ, ಕಡೆಯ ಕುಸ್ತಿ ನಡೆಯಿತು. ಒಂದು ವರ್ಷ ಪಳಗಿ ಬಂದ ಸಾವಂತ್ರಿಯನ್ನು ಸೋಲಿಸಿದವಳಿಗೆ ಮುಂದಿನ ಕರೆ. ಎದುರಿಗೆ ನಿಂತವಳು ಜೈತೂನ. ಆ ಜನವನ್ನು ನೀವು ನೋಡಬೇಕಿತ್ತು! ಬೇವಿನ ಗಿಡದ ಟೊಂಗೆಗಳ ಮೇಲೂ ಕೂತಿದ್ದರು. ಸಾವಂತ್ರಿ ಅದೇ ಪಟ್ಟಿಗೆ ಬಂದಳು, ಕೆಳಗೆ ನುಗ್ಗಿ ಕಾಲಿಗೆ ಕೈ ಹಾಕಿದಳು. ಈ ಸಲ ಹಿಮ್ಮಡಿ ಏಳಲಿಲ್ಲ, ನೆಲಕ್ಕೆ ಗೂಟ ಹೊಡೆದಂತೆ ನಿಂತಿತ್ತು. ಜೈತೂನ ಆಕೆಯ ಸೊಂಟ ಹಿಡಿದು ಎತ್ತಿದಳು. ಎತ್ತಿ, ತಿರುಗಿಸಿ, ಮಣ್ಣಿಗೆ ಹಾಕಿದಳು.

ನಾನು ಖಟಖಟ ಸದ್ದಿಗೆ ಕಾದೆ. ಬರಲಿಲ್ಲ. ತಿರುಗಿ ನೋಡಿದರೆ ಕ್ಯಾಮೆರಾ ಮೌಲಾಸಾಬಣ್ಣನ ಹೊಟ್ಟೆಯ ಮೇಲೆ ಜೋತಾಡುತ್ತಿತ್ತು. ಅವನು ಎರಡೂ ಕೈ ಮೇಲೆತ್ತಿ, ಗಂಟಲು ಹರಿಯುವಂತೆ ಕೂಗುತ್ತ ಕುಣಿಯುತ್ತಿದ್ದ.

"ಅಣ್ಣಾ, ಚಿತ್ರಾ?" ಎಂದೆ.

ಅವನು ಕೆಳಗೆ ನೋಡಿ ಹಣೆ ಬಡಿದುಕೊಂಡ. "ಒತ್ತೂದ ಮರತೆ ತಂಗಿ! ಎರಡೂ ಕಣ್ಣಿಲೆ ನೋಡಾಕ ಹತ್ತಿದ್ದೆ!"

ಉಸ್ತಾದರು ಚಿತ್ರ ಕೇಳಿದರು. ಇಲ್ಲವೆಂದು ಗೊತ್ತಾದೊಡನೆ ಅಲ್ಲಲ್ಲಿ ತೋರುಗಾಜುಗಳು ಕಿಸೆಯಿಂದ ಹೊರಬಂದವು. ಆಗ ಸಾವಂತ್ರಿ ಮಣ್ಣಿನಿಂದ ಎದ್ದಳು. ಜೈತೂನಳ ಕೈ ಹಿಡಿದು ಮೇಲೆತ್ತಿದಳು.

"ಗಾಜು ಒಳಗ ಇಡ್ರಿ ಎಲ್ಲಾರೂ," ಎಂದಳು ತನ್ನ ಊರವರ ಕಡೆ ತಿರುಗಿ. "ಮಣ್ಣು ತಾಗಿದ್ದು ನನ್ನ ಬೆನ್ನಿಗೆ ಗೊತ್ತೈತಿ."

ಒಡೆಯರೇ, ಆ ಗೆಲುವಿನ ಚಿತ್ರ ನಮ್ಮ ಹತ್ತಿರ ಇಲ್ಲ. ಅದರ ಬಗ್ಗೆ ಒಬ್ಬರಿಗೂ ಜಗಳವಿಲ್ಲ. ಜೈತೂನ ನಾಳಿದ್ದು ಧಾರವಾಡಕ್ಕೆ ಹೊರಡುತ್ತಾಳೆ.

ಈಗ ಆಕೆಯದೇ ಒಂದು ಬೇಡಿಕೆ ಇದೆ, ಅದಕ್ಕಾಗಿಯೇ ಈ ಕಾಗದ. ಗರಡಿಯ ಗೋಡೆಯ ಮೇಲೆ ತನಗೆ ಕಲಿಸಿದವರ ಚಿತ್ರಗಳನ್ನು ತೂಗುಹಾಕಬೇಕೆಂದು ಆಕೆಗೆ ಆಸೆ. ಉಸ್ತಾದರದ್ದು ಆಯಿತು, ಅಪ್ಪನದ್ದು ಆಯಿತು, ಸಾವಂತ್ರಿಯದೂ ಆಯಿತು. ಅವುಗಳ ಪಕ್ಕದಲ್ಲಿ ನಿಮ್ಮದಿರಬೇಕು ಎನ್ನುತ್ತಾಳೆ. ನಿಮ್ಮ ಕಾರ್ಡನ್ನು ನಾವು ಮೊದಲಿಂದ ಕೊನೆಯವರೆಗೆ ಹುಡುಕಿದೆವು. ನಿಮ್ಮ ಮನೆಯವರಿದ್ದಾರೆ, ಬೀದಿಯ ನಾಯಿ ಇದೆ, ಮಳೆ ನಿಂತ ರಸ್ತೆ ಇದೆ. ನೀವೊಬ್ಬರು ಎಲ್ಲೂ ಇಲ್ಲ. ಕ್ಯಾಮೆರಾ ಯಾವಾಗಲೂ ನಿಮ್ಮ ಕೈಯಲ್ಲೇ ಇತ್ತಲ್ಲ!

ಆದ್ದರಿಂದ ದಯಮಾಡಿ ಒಮ್ಮೆ ಅದನ್ನು ಬೇರೆ ಯಾರ ಕೈಗಾದರೂ ಕೊಟ್ಟು ಮುಂದೆ ನಿಲ್ಲಿ. ತಲೆ ಬಾಚಿಕೊಳ್ಳದಿದ್ದರೂ ಚಿಂತೆಯಿಲ್ಲ. ಚಿತ್ರ ಮಸುಕಾದರೂ ಅಳಿಸಬೇಡಿ. ಕಾಗದ ಹಿನ್ನಡೆ ಅಂಚೆಗೆ ಬಿದ್ದ ಕೂಡಲೇ ನಾವು ಕಾರ್ಡನ್ನು ಮತ್ತೊಮ್ಮೆ ತೆರೆಯಲಿದ್ದೇವೆ. ಎರಡೂ ಊರಿನವರು ಆಗಲೇ ಗರಡಿಯ ಅಂಗಳದಲ್ಲಿ ಬಂದು ಕೂತಿದ್ದಾರೆ, ಮೌಲಾಸಾಬಣ್ಣ ಗೋಡೆಗೆ ಮೊಳೆ ಹೊಡೆಯುತ್ತಿದ್ದಾನೆ. ಇನ್ನು ಮಡಚುತ್ತೇನೆ. ಬೇಗ ನಿಲ್ಲಿ.

ನಿಮ್ಮವಳೇ ಆದ,
ಇರಾವತಿ