ಲೆವೆಲ್ ಮಾಡಿದ ರಸ್ತೆ, ಗುಂಡಿಯಾದ ದೈವದ ಕೋಣೆ

ನಮ್ಮ ಓಣಿಯ ರಸ್ತೆಯನ್ನು ಚಂದಗಾಣಿಸುವ ಕಚೇರಿಯ ಮುಖ್ಯ ಇಂಜಿನಿಯರರಿಗೆ

ಮಾನ್ಯರೇ,

ಪಡೀಲಿನ ನಮ್ಮ ಓಣಿಯ ರಸ್ತೆಯನ್ನು ತಾವು ಮೂರನೆಯ ಸಲ ಚಂದ ಮಾಡಿದ ಮೇಲೆ, ಕಳೆದ ಮಳೆಗಾಲದಲ್ಲಿ ನನ್ನ ನೆರೆಮನೆಯ ಬಾಗಿಯಕ್ಕನ ದೈವದ ಕೋಣೆಯಲ್ಲಿ ಮೊಣಕಾಲಿನವರೆಗೆ ನೀರು ನಿಂತಿತು. ಈಗ ಇನ್ನೊಂದು ಮಳೆಗಾಲ ಹತ್ತಿರ ಬಂದಿದೆ. ರಸ್ತೆ ಮಾತ್ರ ಇನ್ನೂ ಚಂದವಾಗಿಯೇ ಇದೆ. ನನ್ನ ದೂರು ಇಷ್ಟೇ. ತಾವು ಇಲ್ಲಿಗೇ ಓದು ನಿಲ್ಲಿಸಿ ಚರಂಡಿ ಬಿಡಿಸಲು ಹೊರಟರೆ ನನಗೆ ಯಾವ ಬೇಸರವೂ ಇಲ್ಲ. ಹಾಗೇನೂ ಆಗಲಾರದು ಎಂಬ ಧೈರ್ಯದ ಮೇಲೆ ಮುಂದುವರಿಯುತ್ತೇನೆ.

ನಾನು ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ವಸ್ತುವಿನ ಆಕಾರ, ರೂಪ ಬದಲಿಸುವುದಕ್ಕೆ ಇಂಗ್ಲಿಷಿನವರ ಹತ್ತಿರ ಎಷ್ಟು ಕ್ರಿಯಾಪದಗಳಿವೆ ಎಂದರೆ ಮಕ್ಕಳು ಕಂಗಾಲಾಗುತ್ತಿದ್ದರು. ಬಾಯಿಪಾಠ ಮಾಡಿಸಿದರೆ ಪರೀಕ್ಷೆ ಮುಗಿದ ಸಂಜೆಗೆ ಎಲ್ಲ ಮರೆಯುತ್ತದೆ. ಆದ್ದರಿಂದ ಬೆಂಡ್ ಎಂದರೆ ಕಡ್ಡಿ ಬಗ್ಗಿಸಿ, ಫೋಲ್ಡ್ ಎಂದರೆ ಕಾಗದ ಮಡಚಿ, ಫ್ಲಾಟನ್ ಎಂದರೆ ಹಿಟ್ಟಿನ ಉಂಡೆ ತಟ್ಟಿ ತೋರಿಸುತ್ತಿದ್ದೆ. ಕಣ್ಣೆದುರು ಏನಾದರೂ ಬದಲಾಗದೆ ಒಂದು ಪದವನ್ನೂ ಕಲಿಸಿದವಳಲ್ಲ. ಹೀಗಿರುವಾಗ ನಮ್ಮ ಓಣಿಯ ಬಾಯಲ್ಲಿ ತಾವು ನೆಟ್ಟ ಇಂಗ್ಲಿಷ್ ಬೋರ್ಡನ್ನು ಕಂಡು ನನಗೆಷ್ಟು ಖುಷಿಯಾಗಿರಬೇಕು, ಊಹಿಸಿ. ವೈಡನ್, ಲೆವೆಲ್, ಸ್ಮೂದನ್, ಬ್ಯೂಟಿಫೈ. ಒಂದು ಇಡೀ ಪಾಠವನ್ನು ಸರಕಾರವೇ ಬರೆದು ನಿಲ್ಲಿಸಿತ್ತು.

ಬಾಗಿಯಕ್ಕನ ಮೊಮ್ಮಗಳು ನಿರೀಕ್ಷಾ ಸಂಜೆ ನನ್ನಲ್ಲಿ ಇಂಗ್ಲಿಷ್ ಕಲಿಯಲು ಬರುತ್ತಾಳೆ. ಅವಳನ್ನು ಬೋರ್ಡಿನ ಎದುರು ನಿಲ್ಲಿಸಿ ಓದಿಸುತ್ತಿದ್ದಾಗ ಬಾಗಿಯಕ್ಕನೂ ಬಂದರು. ನಾವು ಮಾತಾಡುವುದು ತುಳುವಿನಲ್ಲಿ, ತಮಗಾಗಿ ಕನ್ನಡ ಮಾಡಿದ್ದೇನೆ.

“ಎಂತ ಬರ್ದಿದ್ದಾರೆ ಟೀಚರ್?”

“ಅಗಲ ಮಾಡ್ತಾರಂತೆ, ಸಮ ಮಾಡ್ತಾರಂತೆ, ನುಣುಪು ಮಾಡ್ತಾರಂತೆ, ಕಡೆಗೆ ಚಂದ ಮಾಡ್ತಾರಂತೆ.”

“ಹಾಳು ಮಾಡುದು ಅಂತ ಎಲ್ಲಿಯೂ ಇಲ್ಲ ಅಲ್ವಾ? ಹಾಗಾದ್ರೆ ಮಾಡ್ಲಿ.”

ಇಲ್ಲ ಎಂದೆ. ನಿಜವಾಗಿಯೂ ಇರಲಿಲ್ಲ.

ಅಗಲ ಮಾಡಲು ಓಣಿಯಲ್ಲಿ ಜಾಗ ಎಲ್ಲಿತ್ತು? ಚರಂಡಿಯಲ್ಲಿತ್ತು. ಅದರ ಮೇಲೆ ಕಾಂಕ್ರೀಟಿನ ಹಲಗೆ ಮುಚ್ಚಿ, ಅದರ ಮೇಲೆ ಇಂಟರ್‌ಲಾಕ್ ಇಟ್ಟಿಗೆ ಹಾಸಿದಿರಿ. ರಸ್ತೆ ಅಗಲವಾಯಿತು, ನೀರು ಮಾತ್ರ ದಾರಿ ಕಳೆದುಕೊಂಡಿತು. ಸಮ ಮಾಡುವಾಗ ಹಳೆಯದನ್ನು ಕೆರೆದು ತೆಗೆಯುವ ಕಷ್ಟವನ್ನು ತಾವು ತೆಗೆದುಕೊಳ್ಳಲಿಲ್ಲ. ಡಾಮರಿನ ಮೇಲೆ ಡಾಮರು, ಅದರ ಮೇಲೆ ಕಾಂಕ್ರೀಟು. ಬಾಗಿಯಕ್ಕ ಮದುವೆಯಾಗಿ ಬಂದಾಗ ಅಂಗಳದಿಂದ ರಸ್ತೆಗೆ ಇಳಿಯುತ್ತಿದ್ದರಂತೆ. ಈಗ ಮಂಡಿನೋವಿನ ಕಾಲನ್ನು ಎರಡು ಕೈಯಲ್ಲಿ ಹಿಡಿದೆತ್ತಿ ರಸ್ತೆಗೆ ಹತ್ತುತ್ತಾರೆ. ಇದನ್ನೆಲ್ಲ ಕಂಡು ನಿರೀಕ್ಷಾ ನನ್ನನ್ನು ಕೇಳಿದಳು: “ಟೀಚರ್, ನಮ್ಮ ಮನೆ ಕೆಳಗೆ ಹೋದದ್ದಕ್ಕೆ ಎಂತ ಹೇಳುದು? ಸಿಂಕ್ ಅಂತ ಹೇಳ್ಬಹುದಾ?” ಹೇಳಬಹುದು ಎಂದೆ. “ಆದ್ರೆ ಮನೆ ಅಲ್ಲೇ ಉಂಟಲ್ಲ” ಎಂದಳು. ಇದ್ದಲ್ಲೇ ಇದ್ದು ಕೆಳಗೆ ಹೋಗುವುದಕ್ಕೆ ಪದ ತಮ್ಮಲ್ಲಿದ್ದರೆ ದಯವಿಟ್ಟು ತಿಳಿಸಿ, ಮಗು ಕಾಯುತ್ತಿದೆ.

ನಮ್ಮ ಕಡೆಯ ಜನರ ಸ್ವಭಾವ ತಮಗೆ ಗೊತ್ತಿರಬೇಕು. ಕಚೇರಿಗೆ ಹೋಗಿ ಜಗಳಾಡುವ ಮೊದಲು ಗಾರೆಯವನನ್ನು ಕರೆಯುತ್ತೇವೆ. ತಾವು ರಸ್ತೆ ಎತ್ತರಿಸಿದಾಗಲೆಲ್ಲ ಓಣಿಯವರು ಚಾರ್ಲ್ಸ್ ಮೇಸ್ತ್ರಿಯನ್ನು ಕರೆದು ಮನೆಯ ನೆಲ ಎತ್ತರಿಸಿಕೊಂಡರು. ನೆಲ ಏರಿತು, ತಲೆಯ ಮೇಲಿನ ಮಾಡು ಇದ್ದಲ್ಲೇ ಉಳಿಯಿತು. ಬಾಗಿಲುಗಳನ್ನು ಬುಡದಲ್ಲಿ ಕೊಯ್ಯಬೇಕಾಯಿತು. ಬಾಗಿಯಕ್ಕನ ಮಗ ಕತಾರಿನಿಂದ ರಜೆಯಲ್ಲಿ ಬಂದರೆ ಚಾವಡಿಯಲ್ಲಿ ಕೈಯೆತ್ತಿ ಬನಿಯನ್ ಹಾಕಿಕೊಳ್ಳುವ ಮುನ್ನ ಫ್ಯಾನ್ ಆಫ್ ಮಾಡಬೇಕು.

ಇಷ್ಟಾದರೂ ಎತ್ತರಿಸಲಾಗದೆ ಉಳಿದದ್ದು ಒಂದೇ, ಅಂಗಳದ ಕಡೆಗೆ ಬಾಗಿಲಿರುವ ದೈವದ ಕೋಣೆ. ಅಲ್ಲಿ ದೈವಕ್ಕೆಂದಿಟ್ಟ ಒಂದು ಮರದ ಮಂಚ, ಒಂದು ದೀಪ, ದೈವದ ಕತ್ತಿ, ಗಂಟೆ ಇಷ್ಟೇ ಇರುವುದು. ನಾನು ಪುರೋಹಿತರ ಮನೆಯವಳು. ನಮ್ಮ ದೇವರು ಪೆಟ್ಟಿಗೆಯಲ್ಲಿ ಕುಳಿತು ಬಾಡಿಗೆ ಮನೆಗಳನ್ನೂ ಸುತ್ತಿದವರು, ನೀರು ಬಂದರೆ ಎತ್ತಿ ಅಟ್ಟದಲ್ಲಿಟ್ಟರೆ ಮುಗಿಯಿತು. ಬಾಗಿಯಕ್ಕನ ದೈವ ಹಾಗಲ್ಲ. ಅದು ಆ ಮಣ್ಣಿನಲ್ಲಿ ನೆಲೆಯಾದದ್ದು. ಅದನ್ನು ಕೇಳದೆ ಆ ಕೋಣೆಯ ಒಂದು ಕಲ್ಲನ್ನೂ ಕದಲಿಸುವಂತಿಲ್ಲ. ಹಾಗಾಗಿ ಸುತ್ತಲಿನ ನೆಲವೆಲ್ಲ ಮೇಲೆದ್ದಿತು, ಈ ಕೋಣೆ ನಡುವೆ ಗುಂಡಿಯಾಯಿತು. ಮನೆ ಉಳಿಸಿಕೊಳ್ಳಲು ಹೋಗಿ ಓಣಿಯ ನೀರನ್ನೆಲ್ಲ ದೈವದ ಕಡೆಗೆ ತಿರುಗಿಸಿದ್ದೇವೆ ಎಂದು ಬಾಗಿಯಕ್ಕನ ಮನೆಯವರಿಗೆ ಗೊತ್ತಾದದ್ದು ಆಷಾಢದ ಮಳೆಗೆ. ಚಾರ್ಲ್ಸ್ ಬಾಗಿಲಿಗೆ ಅಡ್ಡಲಾಗಿ ಒಂದು ದಂಡೆ ಕಟ್ಟಿಕೊಟ್ಟ, ನೀರು ನೆಲದಿಂದಲೇ ಉಕ್ಕಿತು.

ಆಗ ತಮ್ಮ ಕಚೇರಿಯಿಂದ ಒಬ್ಬರು ಇಂಜಿನಿಯರು ಬಂದರು. ಬಂದರಲ್ಲ ಎಂದು ಕಾಫಿ ಕೊಟ್ಟೆವು.

“ಮೇಡಂ, ರೋಡ್ ಲೆವೆಲಲ್ಲೇ ಉಂಟು. ಇವರ ಮನೆ ಕೆಳಗೆ ಉಂಟು.”

“ಮನೆ ಮೊದಲೇ ಇದ್ದದ್ದಲ್ವಾ?” ಎಂದೆ.

“ಅದು ಹೌದು. ನಾವೆಂತ ಮಾಡ್ಲಿಕ್ಕಾಗ್ತದೆ? ಮಣ್ಣು ಹಾಕಿ ಸ್ವಲ್ಪ ಎತ್ತರ ಮಾಡಿ.”

“ಎತ್ತರ ಮಾಡಿ ಮಾಡಿ ಫ್ಯಾನಿಗೆ ತಲೆ ತಾಗಿ ಆಯ್ತು ಮಾರಾಯ್ರೆ. ಈ ಕೋಣೆ ನಮ್ಮ ಕೈಯಲ್ಲಿಲ್ಲ” ಎಂದರು ಬಾಗಿಯಕ್ಕ.

ಆತ ಒಳ್ಳೆಯ ಹುಡುಗ. ಚಪ್ಪಲಿ ಕಳಚಿ ದೈವದ ಕೋಣೆಗೆ ದೂರದಿಂದಲೇ ಕೈಮುಗಿದ. ಚರಂಡಿ ಬೇರೆ ವಿಭಾಗದ್ದು, ಇಂಟರ್‌ಲಾಕ್ ಕಂಟ್ರಾಕ್ಟರರದ್ದು, ಕಾಂಕ್ರೀಟು ಹಿಂದಿನ ಸಾಹೇಬರ ಕಾಲದ್ದು ಎಂದು ವಿವರಿಸಿ ಹೋದ. ಎಲ್ಲದಕ್ಕೂ ಯಾರೋ ಒಬ್ಬರು ಇದ್ದರು, ಆದರೆ ಅವರಲ್ಲಿ ಯಾರೂ ನಮ್ಮ ಎದುರು ನಿಂತಿರಲಿಲ್ಲ.

ಕೊನೆಗೆ ಈ ವರ್ಷದ ತಂಬಿಲದ ದಿನ, ಅಂದರೆ ಮನೆಯ ದೈವಕ್ಕೆ ವರ್ಷಕ್ಕೊಮ್ಮೆ ಸೇವೆ ಕೊಡುವ ದಿನ, ಬಾಗಿಯಕ್ಕ ಕೇಳಿಯೇಬಿಡುವುದೆಂದು ನಿರ್ಧರಿಸಿದರು. ದೈವ ಮೈಮೇಲೆ ಬರುವ ಪಾತ್ರಿಗೆ ದರ್ಶನ ಬಂದು, ಕೈಯಲ್ಲಿ ಸಿಂಗಾರದ, ಅಂದರೆ ಅಡಿಕೆಯ ಹೂ ಹಿಡಿದು ದೈವ ನುಡಿ ಕೊಡಲು ನಿಂತಾಗ, ಅವರು ಕೈಮುಗಿದು ವಿಷಯ ಬಿನ್ನವಿಸಿದರು. ನೆಲ ಎತ್ತರಿಸಲು ಅಪ್ಪಣೆ ಆಗಬೇಕು, ಇಲ್ಲವಾದರೆ ಈ ಮಳೆಗೆ ಗೋಡೆ ನಿಲ್ಲಲಾರದು. ದೈವ ಪೂರ್ತಿ ಕೇಳಿಸಿಕೊಂಡಿತು. ನಾಳೆ ಬನ್ನಿ ಎನ್ನಲಿಲ್ಲ, ಬೇರೆ ವಿಭಾಗಕ್ಕೆ ಕಳಿಸಲಿಲ್ಲ. ಮಾತಾಡಿದ ಮುದುಕಿಯ ಮುಖ ನೋಡಿ ಉತ್ತರ ಕೊಟ್ಟಿತು.

“ಸಂಸಾರವೇ, ನನ್ನ ನೆಲ ಎತ್ತುತ್ತೇವೆ ಎನ್ನುತ್ತೀರಿ. ನಾಳೆ ದಾರಿ ಇನ್ನಷ್ಟು ಏರಿದರೆ ನನ್ನನ್ನು ಎಲ್ಲಿಯವರೆಗೆ ಎತ್ತುತ್ತೀರಿ? ನೀರಿಗೆ ನನ್ನ ಮೇಲೆ ಹಗೆಯಿಲ್ಲ. ನೀರಿನ ದಾರಿ ಕಟ್ಟಿದವನು ಯಾರು? ಅವನನ್ನು ಕರೆದು ನನ್ನ ಎದುರು ನಿಲ್ಲಿಸಿ. ಅವನ ಬಾಯಿಂದ ಒಂದು ಮಾತು ಕೇಳಿದ ಮೇಲೆ ನಿಮಗೆ ಅಪ್ಪಣೆ ಕೊಡುತ್ತೇನೆ.”

ಅಲ್ಲಿ ಸೇರಿದ್ದ ಇಷ್ಟು ಮಂದಿ ತುಳುವರಲ್ಲಿ, ಮಾನ್ಯರೇ, ತಮ್ಮ ವಿಳಾಸ ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಇಂಗ್ಲಿಷ್ ಬರುತ್ತದೆಂಬ ಒಂದೇ ಕಾರಣಕ್ಕೆ ಈ ಕೆಲಸ ನನ್ನ ಮೇಲೆ ಬಿತ್ತು. ತಮ್ಮ ಕಚೇರಿಗೆ ಹೋದೆ. ಸಾಹೇಬರು ಸೈಟಿಗೆ ಹೋಗಿದ್ದಾರೆ ಎಂದರು. ಯಾವ ಸೈಟು ಎಂದು ಕೇಳಿದ್ದಕ್ಕೆ ಅಲ್ಲಿದ್ದವರು ನಕ್ಕರು. ಅದಕ್ಕೇ ಈ ಬಹಿರಂಗ ಪತ್ರ.

ಆದ್ದರಿಂದ ಮಾನ್ಯರೇ, ಮಳೆ ಹಿಡಿಯುವ ಮೊದಲು ಚರಂಡಿಯ ಮೇಲಿನ ಹಲಗೆಗಳನ್ನು ತೆಗೆಸಿ, ರಸ್ತೆಯನ್ನು ಅದರ ಹಳೆಯ ಎತ್ತರಕ್ಕೆ ಕೆರೆದು ಇಳಿಸಿ. ಅದಕ್ಕೂ ಮೊದಲು ಒಮ್ಮೆ ಖುದ್ದಾಗಿ ಬನ್ನಿ. ಬಾಗಿಯಕ್ಕ ಇನ್ನೊಮ್ಮೆ ದರ್ಶನಕ್ಕೆ ವ್ಯವಸ್ಥೆ ಮಾಡುತ್ತಾರೆ. ಬೂಟು ಹೊರಗೆ ಬಿಡಬೇಕು, ಬೇರೇನೂ ತರಬೇಕಾಗಿಲ್ಲ. ತಮಗೆ ದೈವದಲ್ಲಿ ನಂಬಿಕೆ ಇಲ್ಲದಿರಬಹುದು. ನನಗೂ ಎಷ್ಟು ಇದೆಯೋ ಹೇಳಲಾರೆ. ಆದರೆ ಈ ಓಣಿಯಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಕೇಳಿದ್ದು ಅದೊಂದೇ.

ಬಂದು ಏನು ಹೇಳಬೇಕೆಂದು ತಮಗೆ ತೋಚದಿದ್ದರೆ ನನ್ನ ಕಿವಿಗೆ ಬಿದ್ದದ್ದನ್ನು ತಿಳಿಸುತ್ತೇನೆ. ಕಳೆದ ವರ್ಷ ನೀರು ನುಗ್ಗಿದ ದಿನ ನಾನು ಆ ಮನೆಗೆ ಓಡಿದಾಗ, ಬಾಗಿಯಕ್ಕ ಆ ನೋವಿನ ಮಂಡಿಯನ್ನಿಟ್ಟುಕೊಂಡು ದೈವದ ಕೋಣೆಯ ನೀರಿನಲ್ಲಿ ಒಬ್ಬರೇ ನಿಂತಿದ್ದರು. ಬಾಲ್ದಿಯಲ್ಲಿ ಮೊಗೆದು ಮೊಗೆದು ಹೊರಗೆ ಚೆಲ್ಲುತ್ತಿದ್ದರು. ಪ್ರತಿ ಬಾಲ್ದಿಗೂ ಮಂಚದ ಕಡೆ ತಿರುಗಿ “ತಪ್ಪಾಯ್ತು, ನನ್ನಿಂದ ತಪ್ಪಾಯ್ತು” ಎನ್ನುತ್ತಿದ್ದರು. ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಏನೂ ಮಾಡದ ಮುದುಕಿ ಅಷ್ಟು ಸಲ ಹೇಳಿದ ಆ ಮಾತನ್ನು ತಾವು ಬಂದು ಒಂದು ಸಲ ಹೇಳಿ.

ಇಂತಿ,
ತಮ್ಮ ರಸ್ತೆಯನ್ನು ಅಂಗಳದಿಂದ ತಲೆಯೆತ್ತಿ ನೋಡುವ
ರಮಾದೇವಿ
ನಿವೃತ್ತ ಇಂಗ್ಲಿಷ್ ಶಿಕ್ಷಕಿ, ಪಡೀಲ್, ಮಂಗಳೂರು