ನವೆಂಬರಿನಲ್ಲೂ ಬದುಕಿದ್ದ ಬಾಪ್ಪುವಿಗೆ

ಪ್ರೀತಿಯ ಬಾಪ್ಪು,

ನಾವು ಮಾತಾಡಿದ್ದೆಲ್ಲ ಕೊಂಕಣಿಯಲ್ಲಿ, ಬರೆದದ್ದೆಲ್ಲ ಕನ್ನಡದಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ನೀವು ಯಾವ ಗಡಿಯಲ್ಲಿದ್ದರೂ ನಿಮ್ಮ ಅಣ್ಣನಿಗೆ, ಅಂದರೆ ನನ್ನ ಅಪ್ಪನಿಗೆ, ಕನ್ನಡದಲ್ಲೇ ಕಾಗದ ಬರೆಯುತ್ತಿದ್ದಿರಿ. ಕೊನೆಯಲ್ಲಿ 'ಜೆಸ್ಸಿಗೆ ಮುತ್ತು' ಎಂದಿರುತ್ತಿತ್ತು. ಹಾಗಾಗಿ ಇದೂ ಕನ್ನಡದಲ್ಲೇ ಇರಲಿ. ನೀವಿರುವಲ್ಲಿಗೆ ಅಂಚೆ ಇದೆಯೋ ಇಲ್ಲವೋ... ಇಲ್ಲದಿದ್ದರೂ ಅಡ್ಡಿಯಿಲ್ಲ. ವಿಕ್ಟರನನ್ನು ಎಲ್ಲಾದರೂ ಒಂದು ಕಡೆ ಮನಸಾರೆ ಬಯ್ಯದೆ ನನಗೆ ಅನ್ನ ಇಳಿಯುವುದಿಲ್ಲ.

ನವೆಂಬರ್ ಎರಡರ ಬೆಳಿಗ್ಗೆಗಳು ನೆನಪಾಗುತ್ತವೆ. ಅಂದು ಸತ್ತವರ ಸ್ಮರಣೆಯ ದಿನ. ಇಗರ್ಜಿಯ ಹಿಂದಿನ ಸ್ಮಶಾನಕ್ಕೆ ಹೋಗಿ ಅಜ್ಜ ಅಜ್ಜಿಯ ಗೋರಿ ತೊಳೆದು, ಸೇವಂತಿಗೆ ಇಟ್ಟು, ಮೇಣದಬತ್ತಿ ಹಚ್ಚಿ ಬರುತ್ತಿದ್ದೆವು. ಮರುದಿನ ನೀವು ಗಡ್ಡ ಬೋಳಿಸಿ, ಬೂಟಿಗೆ ಪಾಲಿಶ್ ಹಾಕಿ, ನೀಲಿ ಬ್ಲೇಜರಿನ ಎದೆಗೆ ಪದಕ ಸಿಕ್ಕಿಸಿ ಬ್ಯಾಂಕಿಗೆ ಹೊರಡುತ್ತಿದ್ದಿರಿ. ಪಿಂಚಣಿಯವರು ವರ್ಷಕ್ಕೊಮ್ಮೆ ಅದೇ ತಿಂಗಳಲ್ಲಿ ತಾವು ಜೀವಂತ ಇದ್ದೇವೆಂದು ತೋರಿಸಬೇಕಲ್ಲ. "ನಿನ್ನೆ ಸತ್ತವರನ್ನು ಮಾತಾಡಿಸಿ ಬಂದಾಯ್ತು. ಇವತ್ತು ನಾನು ಸತ್ತಿಲ್ಲ ಅಂತ ಹೇಳಿ ಬರ್ತೇನೆ" ಎನ್ನುತ್ತಿದ್ದಿರಿ. ಒಂದು ಸರ್ಟಿಫಿಕೇಟಿಗೆ ಇಷ್ಟೆಲ್ಲ ಶೃಂಗಾರ ಯಾಕೆ ಎಂದು ನಾನು ತಮಾಷೆ ಮಾಡಿದರೆ, ಬದುಕಿರುವುದಕ್ಕೆ ಸಾಕ್ಷಿ ಹೇಳುವಾಗ ಲುಂಗಿಯಲ್ಲಿ ಹೋಗಬಾರದು ಎಂದು ನಿಮ್ಮ ಉತ್ತರ.

ಮೊದಲ ಸ್ಟ್ರೋಕ್ ಆದಾಗ ನಾನು ಮಸ್ಕತ್ತಿನ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದೆ. ನಿಮಗೆ ಹೆಂಡತಿ ಮಕ್ಕಳಿಲ್ಲ, ಅಪ್ಪ ಆಗಲೇ ತೀರಿಕೊಂಡಿದ್ದರು. ನಿಮ್ಮ ಮಾತು ತೊದಲಿತು, ಸಹಿ ನಿಂತಿತು, ಬೆಳಿಗ್ಗೆಯ ವಿಷಯ ಮಧ್ಯಾಹ್ನಕ್ಕೆ ಮರೆತುಹೋಯಿತು. ಆಗ ಹಾಸಿಗೆಯ ಪಕ್ಕ ಜಪಮಾಲೆ ಹಿಡಿದು ಪ್ರತ್ಯಕ್ಷನಾದವನು ವಿಕ್ಟರ್. ಇಗರ್ಜಿಯ ಗಾಯನ ತಂಡದ ದೊಡ್ಡ ಸ್ವರ, ಊರಿನವರ ವಿಮೆ ತೆರಿಗೆ ನೋಡುವವ, ನಮಗೆ ಎಲ್ಲಿಂದಲೋ ದೂರದ ಸಂಬಂಧ. ವೈದ್ಯರ ಕಾಗದ ತೋರಿಸಿ, ಕೋರ್ಟಿನಲ್ಲಿ ಅರ್ಜಿ ಹಾಕಿ, ನಿಮ್ಮ ಹಣಕಾಸಿಗೆ ಗಾರ್ಡಿಯನ್ ಆದ. ಫೋನಿನಲ್ಲಿ ನನಗೆ ಹೇಳಿದ: "ನೀನು ಟೆನ್ಶನ್ ಮಾಡ್ಬೇಡ ಜೆಸ್ಸಿ. ನನಗೆ ಅವರು ತಂದೆ ಇದ್ದ ಹಾಗೆ." ಅತಿ ವಿನಯ ಧೂರ್ತನ ಲಕ್ಷಣ ಎಂದು ಗಾದೆ ಕಟ್ಟಿದವರು ಈ ಮನುಷ್ಯನನ್ನು ನೋಡಿರಲೇಬೇಕು. ಅವನನ್ನು ಕಳ್ಳ ಎನ್ನಲಿಕ್ಕೂ ನನಗೆ ಮನಸ್ಸು ಬರುವುದಿಲ್ಲ. ಕಳ್ಳನಿಗೆ ಗೋಡೆ ಹಾರುವ ಕಷ್ಟವಾದರೂ ಇರುತ್ತದೆ. ಇವನಿಗೆ ಊರೇ ಬಾಗಿಲು ತೆರೆದು ಕುರ್ಚಿ ಹಾಕಿತು.

ನಾನು ಕೆಲಸ ಬಿಟ್ಟು ಬಂದ ವಾರ ನಿಮ್ಮನ್ನು ಹುಡುಕಿದ್ದು ನೆನಪಿದೆಯೇ? ಮಣ್ಣಗುಡ್ಡದ ನಿಮ್ಮ ಮನೆಯಲ್ಲಿ ಯಾರೋ ಬಾಡಿಗೆಗಿದ್ದರು. ನೀವು ಬಜಪೆಯಲ್ಲಿ, ವಿಮಾನ ಇಳಿಯುವ ದಾರಿಯ ಕೆಳಗಿನ ಒಂದು ಹಂಚಿನ ಕೋಣೆಯಲ್ಲಿದ್ದಿರಿ. ಪಕ್ಕದ ಮಂಚದಲ್ಲಿ ಹಮೀದ್ ಅಂಕಲ್. ಇಪ್ಪತ್ತು ವರ್ಷ ನಿಮ್ಮ ಜೊತೆ ಸೈನ್ಯದಲ್ಲಿದ್ದವರು, ನೀವು 'ಬ್ಯಾರಿ' ಎಂದೇ ಕರೆಯುತ್ತಿದ್ದವರು, ನಿಮ್ಮನ್ನು 'ಸುಬೇದಾರ್' ಎನ್ನುತ್ತಿದ್ದವರು, ಸಕ್ಕರೆ ಕಾಯಿಲೆಯಲ್ಲಿ ಕಣ್ಣು ಕಳಕೊಂಡವರು. ನಿಮ್ಮನ್ನು ನೋಡಿಕೊಳ್ಳುವ ವಿಕ್ಟರನ ಚಂದ ಕಂಡು ಅವರೂ ಅವನಿಗೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದರು. ಇಬ್ಬರು ಯೋಧರ ಪಿಂಚಣಿ, ಒಂದು ಕೋಣೆ, ಒಂದು ಫ್ಯಾನ್, ಎರಡು ಹೊತ್ತು ಗಂಜಿ. ನಿಮ್ಮ ಮಿಲಿಟರಿ ಕ್ಯಾಂಟೀನ್ ಕಾರ್ಡಿನ ರಮ್ ಮಾತ್ರ ವಿಕ್ಟರನ ಮನೆಯ ಎಲ್ಲ ಮದುವೆಗಳಲ್ಲೂ, ಮುನ್ನಾದಿನದ ರೋಸ್ ಶಾಸ್ತ್ರಗಳಲ್ಲೂ ಹರಿಯುತ್ತಿತ್ತು.

ನಿಮ್ಮ ಮಾತ್ರೆಯ ಡಬ್ಬಿ ತೆರೆದು ನೋಡಿದ ಕ್ಷಣವನ್ನು ನಾನು ಮರೆಯಲಾರೆ. ರಕ್ತದೊತ್ತಡದ ಮಾತ್ರೆಗಳನ್ನೆಲ್ಲ ಬ್ಲೇಡಿನಲ್ಲಿ ಎರಡು ಮಾಡಿ ಇಟ್ಟಿದ್ದರು. ಅಡುಗೆಯ ಹೆಂಗಸನ್ನು ಕೇಳಿದೆ. "ಅರ್ಧ ಸಾಕಂತೆ ಅಕ್ಕ. ವಿಕ್ಟರ್ ಸರ್ ಹೇಳಿದ್ದು. ಹಣ ಸಾಲುದಿಲ್ಲ ಅಂತೆ." ನಾನು ನರ್ಸ್. ಜೀವನವಿಡೀ ಮಾತ್ರೆಗಳನ್ನು ಸಮಯಕ್ಕೆ ಸರಿಯಾಗಿ ಕೊಟ್ಟ ಕೈ ಇದು. ಆ ಅರ್ಧ ಮಾತ್ರೆಗಳನ್ನು ಅಂಗೈಯಲ್ಲಿ ಹಿಡಿದು ನಿಂತಾಗ ನೀವು ನನ್ನ ಸೆರಗು ಎಳೆದು, ಹಮೀದ್ ಅಂಕಲ್ ಕಡೆ ತೋರಿಸಿ ಎರಡೇ ಶಬ್ದ ಹೇಳಿದಿರಿ: "ಬ್ಯಾರಿಯನ್ನು ಬಿಡ್ಬೇಡ." ನಿಮ್ಮ ಬಾಯಿಂದ ನಾನು ಸ್ಪಷ್ಟವಾಗಿ ಕೇಳಿದ ಕೊನೆಯ ಮಾತು ಅದೇ. ನಿಮ್ಮ ಬಗ್ಗೆ ಏನೂ ಹೇಳಲಿಲ್ಲ.

ವಿಕ್ಟರನ ಆಫೀಸಿಗೆ ಹೋಗಿ ಕೇಳಿದೆ. ಎಳನೀರು ತರಿಸಿದ, ಎ.ಸಿ. ಹಾಕಿದ. "ಎಂತ ಮಾಡುದು ಜೆಸ್ಸಿ, ಪಿಂಚಣಿ ಅಂದ್ರೆ ದೊಡ್ಡ ಗಂಟು ಅಂತ ಜನ ನೆನೆಸ್ತಾರೆ. ನನ್ನ ಕೈಯಿಂದ ಹಾಕಿ ನಡೆಸ್ತಾ ಇದ್ದೇನೆ."

"ಹಾಗಾದ್ರೆ ಬಿಡು. ನಾನು ನೋಡ್ಕೊಳ್ತೇನೆ."

"ಬಿಡ್ಲಿಕ್ಕೆ ಬರ್ತದಾ? ಕೋರ್ಟ್ ಜವಾಬ್ದಾರಿ ಉಂಟಲ್ಲ ನನಗೆ," ಎಂದ ಪುಣ್ಯಾತ್ಮ. ಕೈಯಿಂದ ಹಾಕಿ ನಷ್ಟ ಮಾಡಿಕೊಳ್ಳುವವನು ಆ ನಷ್ಟವನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಅವನನ್ನು ಬದಲಿಸಲು ನಾನು ಅರ್ಜಿ ಹಾಕಿದೆ. ತಾರೀಖಿನ ಮೇಲೆ ತಾರೀಖು ಬಿತ್ತು. ಪೂರ್ತಿ ಮಾತ್ರೆ ನಾನೇ ತಂದು ಕೊಡುತ್ತಿದ್ದೆ, ಆದರೆ ಅರ್ಧ ಮಾತ್ರೆಯ ಎಷ್ಟೋ ತಿಂಗಳುಗಳು ಆಗಲೇ ಕಳೆದಿದ್ದವು. ಜೂನಿನಲ್ಲಿ ನಿಮಗೆ ಎರಡನೆಯ ಸ್ಟ್ರೋಕ್ ಬಂತು. ಅರ್ಧ ಮಾತ್ರೆಯಿಂದಲೇ ಬಂತೆಂದು ಕೋರ್ಟಿನಲ್ಲಿ ಸಾಬೀತು ಮಾಡಲಾರೆ ಬಾಪ್ಪು. ಆದರೆ ಇದು ಕೋರ್ಟಲ್ಲ, ಪತ್ರ. ಆದ್ದರಿಂದ ಹೇಳುತ್ತೇನೆ: ಬಂತು.

ನಿಮ್ಮನ್ನು ಪೆಟ್ಟಿಗೆಯಲ್ಲಿ ಮಲಗಿಸುವ ಮೊದಲು ನಿಮ್ಮ ಬ್ಲೇಜರ್ ಕೇಳಿದೆ. ಸಾಮಾನೆಲ್ಲ ಅವನ ಬೈಕಂಪಾಡಿಯ ಗೋದಾಮಿನಲ್ಲಿತ್ತಲ್ಲ. "ಗೆದ್ದಲು ತಿಂದಿದೆ" ಎಂದ. ಅವನೇ ತಂದ ಬಿಳಿ ಅಂಗಿಯಲ್ಲಿ ನೀವು ಹೋದಿರಿ, ಕಾಲರ್ ಒಂದು ಸೈಜ್ ದೊಡ್ಡದು. ಸಂಜೆಯೊಳಗೆ ಮಣ್ಣಗುಡ್ಡದ ಸರ್ಕಲಿನಲ್ಲಿ ಆಳೆತ್ತರದ ಫ್ಲೆಕ್ಸ್ ಎದ್ದಿತು. 'ವೀರಯೋಧನಿಗೆ ಅಂತಿಮ ನಮನ', ಹಾರುವ ಪಾರಿವಾಳ, ನೀವು ತೀರಿಕೊಂಡ ತಾರೀಖು, ಮೂಲೆಯಲ್ಲಿ ಸಮವಸ್ತ್ರದ ನಿಮ್ಮ ಸಣ್ಣ ಮುಖ. ಕೆಳಗೆ ಕೈಮುಗಿದು ನಿಂತ ವಿಕ್ಟರ್, ನಿಮಗಿಂತ ಮೂರು ಪಟ್ಟು ದೊಡ್ಡವನು. 'ದುಃಖತಪ್ತರು: ವಿಕ್ಟರ್ ಮತ್ತು ಅಭಿಮಾನಿ ಬಳಗ.' ಅಭಿಮಾನಿ ಬಳಗ ಎಂದರೆ ಅವನೂ ಅವನ ನೆರಳೂ.

ಆಗಸ್ಟಿನಲ್ಲಿ ಪೇಪರಿನಲ್ಲಿ ಅವನ ಫೋಟೋ ನೋಡಿದೆ. ಮಾಜಿ ಸೈನಿಕರ ನಿಸ್ವಾರ್ಥ ಸೇವೆಗಾಗಿ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ. ಶಾಲಿನ ಒಳಗೆ ಏನಿತ್ತೆಂದು ಊಹಿಸಿ. ಗೆದ್ದಲು ತಿಂದ ನಿಮ್ಮ ಬ್ಲೇಜರ್, ಬಾಪ್ಪು. ಹಿತ್ತಾಳೆಯ ಗುಂಡಿ ಒಂದೊಂದೂ ಗುರುತು ಸಿಕ್ಕಿತು. ಹೊಟ್ಟೆ ಅಡ್ಡ ಬಂದು ಒಂದನ್ನೂ ಹಾಕಲಾಗಿರಲಿಲ್ಲ, ಅಷ್ಟೇ. ಆ ಬಟ್ಟೆಯನ್ನು ನೀವು ನಲವತ್ತು ವರ್ಷ ನ್ಯಾಫ್ತಲೀನ್ ಗುಳಿಗೆ ಇಟ್ಟು ಕಾಪಾಡಿದ್ದು ಇವನ ಹೊಟ್ಟೆಗೇ?

ಡಿಸೆಂಬರಿನಲ್ಲಿ ನನ್ನದೇ ಖಾತೆಯ ಕೆಲಸಕ್ಕೆ ಬ್ಯಾಂಕಿಗೆ ಹೋಗಿದ್ದೆ. ಪಿಂಚಣಿ ಕೌಂಟರಿನ ಹುಡುಗಿ ಗುರುತು ಹಿಡಿದಳು.

"ಮೇಡಂ, ನಿಮ್ಮ ಬಾಪ್ಪು ಹೇಗಿದ್ದಾರೆ? ಬ್ಲೇಜರ್ ಹಾಕಿ ಬರ್ತಿದ್ರಲ್ಲ, ಈಗ ಕಾಣುದೇ ಇಲ್ಲ."

"ಅವರು ಜೂನಿನಲ್ಲಿ ತೀರಿಕೊಂಡ್ರಲ್ಲ."

ಅವಳು ಕಂಪ್ಯೂಟರ್ ನೋಡಿದಳು, ನನ್ನನ್ನು ನೋಡಿದಳು. "ಇಲ್ವಲ್ಲ ಮೇಡಂ. ನವೆಂಬರಿನಲ್ಲಿ ಇದ್ದಾರೆ."

ಯಾವುದೋ ಅಧಿಕಾರಿಯ ಸೀಲು ಹೊಡೆಸಿದ ಜೀವಿತ ಪ್ರಮಾಣಪತ್ರವನ್ನು ಗಾರ್ಡಿಯನ್ ತಂದು ಕೊಟ್ಟಿದ್ದರಂತೆ. ಸತ್ತ ಸುದ್ದಿಯನ್ನು ಬ್ಯಾಂಕಿಗೆ ತಾನೇ ಮುಟ್ಟಿಸಿದ್ದೇನೆಂದು ನಮಗೆಲ್ಲ ಹೇಳಿದ್ದವನು ಅವನೇ. ಬದುಕಿದ್ದಾಗ ನಿಮಗೆ ಅರ್ಧ ಮಾತ್ರೆ ಕೊಟ್ಟವನು, ಸತ್ತ ಮೇಲೆ ಪೂರ್ತಿ ಆಯುಸ್ಸು ಕೊಟ್ಟಿದ್ದ. ನನಗೆ ಅಳು ಬರಲಿಲ್ಲ. ಬಾಯಿ ತುಂಬ ಉಗುಳು ಬಂತು, ಬ್ಯಾಂಕಿನಲ್ಲಿ ಉಗುಳಬಾರದೆಂದು ನುಂಗಿದೆ.

ನೇರ ಬಜಪೆಗೆ ಹೋದೆ. ಹಮೀದ್ ಅಂಕಲನ್ನು ಅಲ್ಲಿಂದ ಹೊರಡಿಸಲು ನೀವು ಹೋದಂದಿನಿಂದ ಹೇಳುತ್ತಲೇ ಇದ್ದೆ, ಅವರು ಒಪ್ಪಿರಲಿಲ್ಲ. ಕಣ್ಣಿಲ್ಲದವನು ವಿಕ್ಟರನನ್ನು ಎದುರು ಹಾಕಿಕೊಂಡರೆ ಇರುವ ಮಂಚವೂ ಹೋದೀತೆಂಬ ಹೆದರಿಕೆ. ಯುದ್ಧಕ್ಕೆ ಹೆದರದವರು ಗಂಜಿಗೆ ಹೆದರುವ ಹಾಗೆ ಮಾಡಿಟ್ಟಿದ್ದ. ಅಂದು ಬ್ಯಾಂಕಿನ ಕಥೆ ಹೇಳಿ ಮುಗಿಸಿದೆ. ಅವರು ಎದ್ದು ಕೂತು ಕುತ್ತಿಗೆಯ ಗುಂಡಿ ಸಡಿಲಿಸಿದರು. ಆಮೇಲೆ, "ಆ ಕಿಟಕಿಯ ಟಾರ್ಪಾಲ್ ಬಿಚ್ಚು ಜೆಸ್ಸಿ. ಮಳೆಗೆ ಕಟ್ಟಿದ್ದು, ಹಾಗೇ ಉಂಟು. ಉಸಿರು ಕಟ್ತದೆ," ಎಂದರು.

ಒಳಗಿನಿಂದ ಬಿಳಿಯಾಗಿ ಕಾಣುತ್ತಿದ್ದ ಆ ಹಾಳೆಯನ್ನು ನಾನು ತಿಂಗಳುಗಟ್ಟಲೆ ನೋಡಿದ್ದೆ. ಹಗ್ಗ ಬಿಚ್ಚಲು ಮೊದಲ ಸಲ ಕೋಣೆಯ ಹಿಂದಕ್ಕೆ ಹೋದೆ. ಹೊರಮೈಯಲ್ಲಿ ಪಾರಿವಾಳ. ನಿಮ್ಮ ಮುಖ. ನೀವು ತೀರಿಕೊಂಡ ತಾರೀಖು. ಕೈಮುಗಿದ ದುಃಖತಪ್ತ. ಹೊಸ ಟಾರ್ಪಾಲಿಗೆ ಖರ್ಚಾಗುತ್ತದೆಂದು ಆ ಜಿಪುಣ ತನ್ನ ಕಣ್ಣೀರನ್ನೇ ತಂದು ಕುರುಡನ ಕಿಟಕಿಗೆ ಕಟ್ಟಿದ್ದ.

"ಎಂತ, ಮಾತೇ ಇಲ್ಲ?" ಎಂದರು ಹಮೀದ್ ಅಂಕಲ್ ಒಳಗಿನಿಂದ.

"ಇದು ಬಾಪ್ಪುವಿನ ಫ್ಲೆಕ್ಸ್ ಅಂಕಲ್. ಸರ್ಕಲಿನಲ್ಲಿ ಹಾಕಿದ್ದು."

ಬಿಚ್ಚಿ ತಂದು ಅವರ ಮಡಿಲಲ್ಲಿಟ್ಟೆ. ಅವರ ಬೆರಳುಗಳು ಆ ನುಣ್ಣನೆಯ ಹಾಳೆಯ ಮೇಲೆ ಅತ್ತಿತ್ತ ಹೋದವು. ಸಿಗುವುದೇನಿದೆ ಅಲ್ಲಿ, ಪಾಪ. ನಾನೇ ಕೈ ಹಿಡಿದು ನಿಮ್ಮ ಮುಖದ ಮೇಲಿಟ್ಟೆ. "ಇಡೀ ಮಳೆಗಾಲ ಸುಬೇದಾರ್ ನನಗೆ ನೀರು ಬೀಳದ ಹಾಗೆ ನೋಡಿಕೊಂಡ ಮಾರಾಯ್ತಿ," ಎಂದರು. ಆಮೇಲೆ ಮಂಚದ ಕೆಳಗೆ ಚಪ್ಪಲಿ ಹುಡುಕತೊಡಗಿದರು. "ನಡಿ. ಎಲ್ಲಿ ಸಹಿ ಹಾಕ್ಬೇಕು ಹೇಳು. ಹೆಬ್ಬೆಟ್ಟು ಆದ್ರೂ ಒತ್ತುತ್ತೇನೆ. ಅವನಿಗೆ ಕೊಟ್ಟ ಪವರ್ ವಾಪಸ್ ತೆಗಿಬೇಕು."

ಮರುದಿನ ಫ್ಲೆಕ್ಸನ್ನು ಸುರುಳಿ ಸುತ್ತಿ ಬ್ಯಾಂಕಿಗೆ ಒಯ್ದು, ಮ್ಯಾನೇಜರರ ಕೋಣೆಯಲ್ಲಿ ನೆಲದ ಮೇಲೆ ಹಾಸಿದೆ. ಅವರು ಕುರ್ಚಿಯಿಂದ ಎದ್ದು ನಿಂತು ಓದಿದರು. ವಿಕ್ಟರ್ ಬಂದವನು ಮೊದಲು ಹಳೆಯ ಫಾರ್ಮ್ ತಪ್ಪಿ ಹೋಗಿದೆ ಎಂದ. ಆಮೇಲೆ, ನೀವು ತೀರಿಕೊಂಡ ದುಃಖದಲ್ಲಿ ತಾರೀಖಿನ ಗೊಂದಲವಾಯಿತು ಎಂದ. ಮ್ಯಾನೇಜರರು ನೆಲದ ಕಡೆ ಕೈ ತೋರಿಸಿದರು. ಅಲ್ಲಿ ಅವನೇ ಮೂರು ಪಟ್ಟು ದೊಡ್ಡದಾಗಿ ಕೈಮುಗಿದುಕೊಂಡು, ತಾರೀಖಿನ ಪಕ್ಕ ನಿಂತಿದ್ದ. ಕಾನೂನಿನ ಕಾಗದ ಸಾವಿರ ಇದ್ದೀತು, ಆದರೆ ಇವನ ಬಾಯಿ ಮುಚ್ಚಿಸಿದ್ದು ಇವನದೇ ಮುಖ.

ಈಗ ಕೇಸು ನಡೆಯುತ್ತಿದೆ. ಅವನು ಜಾಮೀನಿನ ಮೇಲಿದ್ದಾನೆ, ಭಾನುವಾರ ಮುಂದಿನ ಸಾಲಿನಲ್ಲಿ ನಿಂತು ಹಾಡುತ್ತಾನೆ. ಸ್ವರ ಚೂರೂ ಕುಗ್ಗಿಲ್ಲ. ಊರಿನ ಅರ್ಧ ಜನ ನನಗೇ ಹೇಳುತ್ತಾರೆ, "ಹೋಗ್ಲಿ ಬಿಡು ಜೆಸ್ಸಿ, ಸತ್ತವರು ವಾಪಸ್ ಬರ್ತಾರಾ?" ಬಂದದ್ದನ್ನು ಇವರು ನೋಡಲಿಲ್ಲವೇ? ನವೆಂಬರಿನಲ್ಲಿ ಬಂದಿದ್ದರಲ್ಲ, ಸೀಲು ಸಮೇತ. ಬಿಡುವುದಿಲ್ಲ ಬಾಪ್ಪು. ಅವನಿಗೆ ಶಿಕ್ಷೆಯಾಗುವ ತನಕ ಪ್ರತಿ ತಾರೀಖಿಗೂ ಮೊದಲ ಬೆಂಚಿನಲ್ಲಿ ನಾನಿರುತ್ತೇನೆ. ಇದು ಮಾತು.

ಬ್ಲೇಜರ್ ಕೇಳಲು ಅವನ ಮನೆಗೇ ಹೋದೆ. ಅವನಿರಲಿಲ್ಲ. ಹೆಂಡತಿ ಒಳಗಿನಿಂದ ತಂದು ಕೊಟ್ಟಳು, ಇಸ್ತ್ರಿ ಹಾಕಿತ್ತು. ಕಪಾಟಿನಲ್ಲಿ ಅದನ್ನು ದಿನಾ ನೋಡುತ್ತಿದ್ದಳೋ ಏನೋ.

ಮತ್ತೆ ನವೆಂಬರ್ ಬಂತು, ಮೊನ್ನೆ ಎರಡನೆಯ ತಾರೀಖು ನಿಮ್ಮ ಗೋರಿ ತೊಳೆದೆ. ನಿಮ್ಮ ಮನೆಯ ಬಾಡಿಗೆಯವರು ಹೋಗಿದ್ದಾರೆ. ಮುಂದಿನ ಕೋಣೆಯಲ್ಲಿ ಹಮೀದ್ ಅಂಕಲ್ ಇದ್ದಾರೆ, ಮಾತ್ರೆಗಳು ಪೂರ್ತಿ ಇವೆ. ಮೂರನೆಯ ತಾರೀಖು ಬೆಳಿಗ್ಗೆ ಅವರು ಗಡ್ಡ ಟ್ರಿಮ್ ಮಾಡಿಸಿಕೊಂಡು, ಬೂಟಿಗೆ ತಾವೇ ಪಾಲಿಶ್ ಹಾಕಿ, "ಸುಬೇದಾರನ ಕೋಟ್ ಕೊಡು" ಎಂದರು. ತೋಳು ಉದ್ದವಾಯಿತು, ಮಡಚಿ ಕೊಟ್ಟೆ. ಪದಕ ಅವರದೇ.

ಬ್ಯಾಂಕಿನಲ್ಲಿ ಆ ಹುಡುಗಿ ಯಂತ್ರದ ಮೇಲೆ ಅವರ ಬೆರಳು ಇರಿಸಿದಳು. "ಆಯ್ತು ಸರ್. ನೀವು ಇದ್ದೀರಿ," ಎಂದಳು ನಗುತ್ತಾ.

ಅವರು ಕದಲಲಿಲ್ಲ. ನೆಟ್ಟಗೆ ನಿಂತು ಕೇಳಿದರು, "ನಮ್ಮ ಸುಬೇದಾರನದ್ದು ಸರಿಯಾಗಿ ಬರ್ದಿದ್ದೀರಾ ಮಗಾ? ಅವ ಸತ್ತಿದ್ದಾನೆ ಅಂತ?"

ಅವಳು ನಗು ನಿಲ್ಲಿಸಿ, ಕಂಪ್ಯೂಟರಿನಲ್ಲಿ ನಿಮ್ಮ ಹೆಸರು ಹುಡುಕಿ, ಮೆಲ್ಲಗೆ ಓದಿ ಹೇಳಿದಳು. ನಿಮ್ಮ ಹೆಸರು. ಜೂನ್ ತಿಂಗಳ ಆ ತಾರೀಖು.

"ಹಾಂ. ಇನ್ನು ಅವ ಮಲಗ್ಲಿ," ಎಂದು ನಿಮ್ಮ ಉದ್ದ ತೋಳಿನ ಕೈ ಎತ್ತಿ ಕೌಂಟರಿಗೆ ಸೆಲ್ಯೂಟ್ ಹೊಡೆದರು.

ಸುದ್ದಿ ಇಷ್ಟೇ ಬಾಪ್ಪು. ನೀವು ಈಗ ನಿಜವಾಗಿ ಸತ್ತಿದ್ದೀರಿ. ಇನ್ನು ನಿಮ್ಮನ್ನು ಯಾರೂ ಎಬ್ಬಿಸುವುದಿಲ್ಲ.

ನಿಮ್ಮ,
ಜೆಸ್ಸಿ