ಮುಂದಿನ ಸೋಮವಾರದ ಹರಕೆ

ತಿ. ನರಸೀಪುರ ತಾಲ್ಲೂಕು
ಆಗಸ್ಟ್ ೨೦೦೨

ಸ್ಪೀಕರ್ ಆಗಿರುವ ಅಣ್ಣನಿಗೆ ತಂಗಿಯ ನಮಸ್ಕಾರ.

ನಮ್ಮೂರ ಆಸ್ಪತ್ರೆಗೆ ಇನ್ನೂ ಡಾಕ್ಟರು ಬಂದಿಲ್ಲ. ಸೊಸೆ ಕೋಮಲಳಿಗೆ ಈಗ ಎಂಟು ತಿಂಗಳು. ಬರಿಯ ಶಾಸಕನಾಗಿದ್ದಾಗ ನೀನು ವಿಧಾನಸಭೆಯಲ್ಲಿ ಮೇಜು ಗುದ್ದಿ ಕೇಳುತ್ತಿದ್ದೆ, ಡಾಕ್ಟರನ್ನು ಕಳಿಸುತ್ತಿದ್ದರು. ಈಗ ಫೋನು ಮಾಡಿದರೆ, "ಈ ಕುರ್ಚೀಲಿ ಕೂತೋನು ಪ್ರಶ್ನೆ ಕೇಳಂಗಿಲ್ಲ ಕಣವ್ವ, ಮಂತ್ರಿಗೆ ಹೇಳುದ್ರೂ ಪಕ್ಷಪಾತ ಅಂತರೆ" ಅನ್ನುತ್ತೀಯ. ಇಪ್ಪತ್ತು ವರ್ಷ ನಮಗಾಗಿ ಗದ್ದಲ ಮಾಡಿದವನು ಈಗ ಗದ್ದಲ ಮಾಡುವವರನ್ನು ಗದರಿಸಿ ಕೂರಿಸುತ್ತೀಯಂತೆ. ಅಂಥ ಕುರ್ಚಿ ನಮಗೇಕಣ್ಣ?

ನೀನು ಮೇಲೇರಬೇಕೆಂದು ಸೋಮವಾರ ಸೋಮವಾರ ನಂಜನಗೂಡಿಗೆ ಹೋಗಿ ದೀಪ ಹಚ್ಚಿದವಳು ನಾನೇ. ಈ ವಾರದೊಳಗೆ ಡಾಕ್ಟರು ಬರದಿದ್ದರೆ, ನಮ್ಮಣ್ಣನನ್ನು ಕೆಳಗಿಳಿಸಪ್ಪಾ ಎಂದು ಅದೇ ನಂಜುಂಡೇಶ್ವರನಿಗೆ ಹರಕೆ ಹೊರುತ್ತೇನೆ. ಅವನು ನನ್ನ ಹರಕೆ ತಳ್ಳಿಹಾಕಿದವನಲ್ಲ. ಅದು ನಿನಗೇ ಗೊತ್ತು.

ಇಂತಿ ನಿನ್ನ ತಂಗಿ,
ಚಿಕ್ಕತಾಯಮ್ಮ